ಮೈಸೂರು–ಮಂಡ್ಯ ಸೀಮೆಯ ಕಟ್ಟಡ, ಚಿತ್ರ ಮತ್ತು ಕುಸುರಿ ಕೆಲಸದ ಶೈಲಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಟ್ಟಡವೊಂದು ಯಾವ ಶೈಲಿಯದೆಂದು ತಿಳಿಯಲು ಮೊದಲು ಎಲ್ಲಿ ನೋಡಬೇಕು?

ನೆಲದ ಹತ್ತಿರ ನೋಡಬೇಕು. ಕಣ್ಣು ತಾನಾಗಿ ಗೋಪುರಕ್ಕೋ ಗುಮ್ಮಟಕ್ಕೋ ಏರುತ್ತದೆ, ಆದರೆ ನಮ್ಮ ಸೀಮೆಯಲ್ಲಿ ಹೆಚ್ಚಿನ ಕಡೆ ಎಲ್ಲಕ್ಕಿಂತ ಈಚಿನ ಭಾಗವೇ ಅದು. ಚಾಮುಂಡಿ ಬೆಟ್ಟದ ಏಳಂತಸ್ತಿನ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು 1827ರಲ್ಲಿ. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ಮಹಾದ್ವಾರ ಗೋಪುರ 1845ರದು. ಎರಡು ಕಡೆಯೂ ಒಳಗಿನ ಗುಡಿ ಗೋಪುರಕ್ಕಿಂತ ಬಹಳ ಹಿಂದಿನದು. ಆದ್ದರಿಂದ ಮೊದಲು ಅಧಿಷ್ಠಾನವನ್ನು, ಅಂದರೆ ಗೋಡೆಯ ಕೆಳಗಿನ ಪಟ್ಟಿಕೆಗಳನ್ನು ಗಮನಿಸಿ, ಆಮೇಲೆ ಕಲ್ಲಿನ ಜಾತಿ, ಕಲ್ಲು ಕೂಡಿಸಿದ ಬಗೆ, ಕಂಬ ಮತ್ತು ತಳವಿನ್ಯಾಸಗಳಿಗೆ ಬರುವುದು ಒಳ್ಳೆಯದು. ಅಲಂಕಾರವನ್ನು ಕೊನೆಗೆ ನೋಡಿ. ಅಲಂಕಾರವನ್ನು ಯಾವ ಕಾಲದಲ್ಲಾದರೂ ಅನುಕರಿಸಬಹುದು. ಕಟ್ಟುವ ವಿಧಾನವನ್ನು ಅಷ್ಟು ಸುಲಭವಾಗಿ ಅನುಕರಿಸಲಾಗದು.

ಹಾಗಾದರೆ ಕಟ್ಟಡದ ಶೈಲಿ ತಿಳಿದರೆ ಅದರ ಕಾಲವೂ ತಿಳಿದಂತೆ ಅಲ್ಲವೇ?

ಅಲ್ಲ, ಮೈಸೂರಿನ ಮಟ್ಟಿಗಂತೂ ಖಂಡಿತ ಅಲ್ಲ. ಅರಮನೆಯ ಕೋಟೆಯೊಳಗಿನ ಶ್ವೇತವರಾಹಸ್ವಾಮಿ ದೇವಾಲಯವನ್ನು ನೋಡಿದವರು ಅಲ್ಲಿನ ಕಂಬಗಳನ್ನೂ ಬಾಗಿಲವಾಡವನ್ನೂ ಕಂಡು ಇದು ಹೊಯ್ಸಳರ ಗುಡಿಯೆಂದು ತೀರ್ಮಾನಿಸುತ್ತಾರೆ. ಆ ಕಲ್ಲುಗಳು ಹೊಯ್ಸಳರ ಕಾಲದವೇ ಹೌದು. ಆದರೆ ಅವನ್ನು ಶಿವಮೊಗ್ಗದ ಕಡೆಯ ಹಳೆಯ ಕಟ್ಟಡವೊಂದರಿಂದ ತರಿಸಿ ಇಲ್ಲಿ ಗುಡಿ ಕಟ್ಟಿಸಿದವರು ದಿವಾನ್ ಪೂರ್ಣಯ್ಯನವರು, ಅದೂ 19ನೇ ಶತಮಾನದ ಆರಂಭದಲ್ಲಿ. ಕಲ್ಲಿನ ವಯಸ್ಸು, ಕೆತ್ತನೆಯ ವಯಸ್ಸು, ಗುಡಿಯ ವಯಸ್ಸು ಇವು ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕಾದ ಸಂದರ್ಭಗಳು ಈ ಎರಡು ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ‘ಇದು ಯಾವ ಶೈಲಿ?’ ಎಂದು ಕೇಳುವುದಕ್ಕಿಂತ ‘ಈ ಭಾಗ ಯಾವ ಕಾಲದ್ದು, ಯಾರು ಸೇರಿಸಿದ್ದು?’ ಎಂದು ಕೇಳಿದರೆ ಹೆಚ್ಚು ಉಪಯುಕ್ತವಾದ ಉತ್ತರ ಸಿಗುತ್ತದೆ.

ಹೊಯ್ಸಳ ಶೈಲಿಯ ಲಕ್ಷಣಗಳನ್ನು ಸೋಮನಾಥಪುರದಲ್ಲಿ ಹೇಗೆ ಗುರುತಿಸುವುದು?

ಸೋಮನಾಥಪುರದ ಕೇಶವ ದೇವಾಲಯವನ್ನು 3ನೇ ನರಸಿಂಹನ ಆಳ್ವಿಕೆಯಲ್ಲಿ ಸೋಮನಾಥ ದಂಡನಾಯಕನು 1268ರಲ್ಲಿ ಕಟ್ಟಿಸಿದನು. ಅಷ್ಟು ಹೊತ್ತಿಗೆ ಹೊಯ್ಸಳ ಶಿಲ್ಪಿಗಳ ಕೈ ಪೂರ್ತಿ ಪಳಗಿತ್ತು, ಆದ್ದರಿಂದ ಆ ಶೈಲಿಯನ್ನು ಕಲಿಯಲು ಇದಕ್ಕಿಂತ ಅನುಕೂಲವಾದ ಜಾಗ ಮತ್ತೊಂದಿಲ್ಲ. ಗುಡಿ ನಿಂತಿರುವುದು ಎತ್ತರದ ಜಗತಿಯ, ಅಂದರೆ ಕಲ್ಲಿನ ಕಟ್ಟೆಯ ಮೇಲೆ. ಆ ಜಗತಿಯ ಅಂಚು ಗುಡಿಯ ಗೋಡೆಯ ತಿರುವುಗಳನ್ನೇ ಅನುಸರಿಸುತ್ತದೆಯಾದ್ದರಿಂದ ಪ್ರದಕ್ಷಿಣೆ ಬರುವವರು ತಮಗೆ ಅರಿವಿಲ್ಲದೆಯೇ ನಕ್ಷತ್ರಾಕಾರದಲ್ಲಿ ನಡೆಯುತ್ತಾರೆ. ಕೇಶವ, ಜನಾರ್ದನ, ವೇಣುಗೋಪಾಲ ಎಂಬ ಮೂರು ಗರ್ಭಗುಡಿಗಳಿರುವ ತ್ರಿಕೂಟ ಇದು. ಒಂದೊಂದರ ಹೊರಗೋಡೆಯೂ ಹದಿನಾರು ಮೊನೆಗಳ ನಕ್ಷತ್ರದ ನಕ್ಷೆಯಲ್ಲಿದೆ. ಮೂಲ ಕೇಶವ ಮೂರ್ತಿ ಈಗ ಇಲ್ಲ.

ಗೋಡೆಯ ಬುಡದಲ್ಲಿ ಒಂದರ ಮೇಲೊಂದರಂತೆ ಆರು ಪಟ್ಟಿಕೆಗಳಿವೆ. ಕೆಳಗಿನಿಂದ ಮೇಲಕ್ಕೆ ಆನೆಗಳು, ಕುದುರೆ ಸವಾರರು, ಬಳ್ಳಿ, ಪುರಾಣ ಮತ್ತು ರಾಮಾಯಣ ಮಹಾಭಾರತಗಳ ಪ್ರಸಂಗಗಳು, ಮಕರಗಳು, ಹಂಸಗಳು. ಆನೆಯ ಸಾಲನ್ನು ಒಂದು ಮೂಲೆಯಿಂದ ಮುಂದಿನ ಮೂಲೆಯವರೆಗೆ ನಿಧಾನವಾಗಿ ನೋಡುತ್ತ ಹೋದರೆ, ದೂರದಿಂದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವ ಆನೆಗಳಲ್ಲಿ ಒಂದರ ಸೊಂಡಿಲು ಮುಂದಿನದರ ಬಾಲದತ್ತ ಚಾಚಿರುವುದು, ಇನ್ನೊಂದು ತಲೆ ತಿರುಗಿಸಿರುವುದು ಗೊತ್ತಾಗುತ್ತದೆ. ಪಟ್ಟಿಕೆಗಳ ಮೇಲೆ ದೊಡ್ಡ ಮೂರ್ತಿಗಳ ಸಾಲು. ಅವುಗಳ ಪೀಠದಲ್ಲಿ ಸಣ್ಣ ಕನ್ನಡ ಅಕ್ಷರಗಳಿವೆ, ಅವು ಶಿಲ್ಪಿಗಳ ಹೆಸರುಗಳು. ಎಲ್ಲಕ್ಕಿಂತ ಹೆಚ್ಚು ಬಾರಿ ಕಾಣುವ ಹೆಸರು ಮಲ್ಲಿತಮ್ಮ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿ 1246ರ ದೇವಾಲಯದ ಮೂರ್ತಿಗಳ ಮೇಲೂ ಈ ಹೆಸರಿದೆ. ಕೆಲಸ ಇದ್ದಲ್ಲಿಗೆ ಊರೂರು ತಿರುಗುತ್ತ ಹೋಗುತ್ತಿದ್ದ ಶಿಲ್ಪಿಗಳಿಂದಲೇ ಒಂದು ‘ಶೈಲಿ’ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಒಳಗೆ ತಲೆಯೆತ್ತಿ ನೋಡಬೇಕು. ಭುವನೇಶ್ವರಿಗಳು, ಅಂದರೆ ಚಾವಣಿಯ ಕೆತ್ತನೆಯ ಅಂಕಣಗಳು, ಒಂದರಂತೆ ಒಂದಿಲ್ಲ. ಬಾಳೆಯ ಹೂವು ತಲೆಕೆಳಗಾಗಿ ಇಳಿಬಿದ್ದಂತೆ ಕೆತ್ತಿದವು ಎಲ್ಲರಿಗೂ ಮೆಚ್ಚಿಗೆಯಾಗುತ್ತವೆ. ಕಂಬಗಳನ್ನು ಬುಗುರಿಯಂತೆ ತಿರುಗಿಸಿ ಕಡೆದದ್ದರಿಂದ ಅವುಗಳ ಮೈಮೇಲೆ ಸಮನಾದ ಉಂಗುರಗಳು ಮೂಡಿವೆ. ಬೇಲೂರು, ಹಳೇಬೀಡುಗಳ ಜೊತೆಗೆ ಈ ದೇವಾಲಯವೂ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಷ್ಟು ಸೂಕ್ಷ್ಮವಾದ ಕೆತ್ತನೆ ಹೊಯ್ಸಳರಿಗೇ ಏಕೆ ಸಾಧ್ಯವಾಯಿತು?

ಶಿಲ್ಪಿಗಳ ಪ್ರತಿಭೆಯನ್ನು ಕಡಿಮೆ ಮಾಡದೆಯೇ ಹೇಳಬೇಕಾದ ಮಾತೆಂದರೆ, ಅರ್ಧ ಉತ್ತರ ಕಲ್ಲಿನಲ್ಲಿದೆ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೆದುವಾಗಿದ್ದು, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿಗೆ ಮೈಯೊಡ್ಡಿದ ಮೇಲೆ ಕ್ರಮೇಣ ಗಟ್ಟಿಯಾಗುತ್ತದೆ. ಮೂರ್ತಿಯ ಕೊರಳ ಹಾರದ ಮಣಿಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಲು, ಹಾರದ ಹಿಂದೆ ನೆರಳು ಬೀಳುವಷ್ಟು ಟೊಳ್ಳು ಮಾಡಲು ಅಂಥ ಕಲ್ಲೇ ಬೇಕು. ಕಗ್ಗಲ್ಲಿನಲ್ಲಿ ಅದೇ ಕೆಲಸಕ್ಕೆ ಕೈಹಾಕಿದರೆ ಉಳಿ ಸವೆಯುತ್ತದೆ, ಇಲ್ಲವೇ ಕಲ್ಲು ಸಿಡಿಯುತ್ತದೆ. ಮುಂದೆ ವಿಜಯನಗರದ ಕಾಲದಲ್ಲಿ ಕಟ್ಟಡದ ಕಲ್ಲು ಮತ್ತೆ ಕಗ್ಗಲ್ಲಾದಾಗ ಕೆತ್ತನೆಯೂ ದೊಡ್ಡದಾಗಿ, ಸರಳವಾಗಿ ಬದಲಾಯಿತು. ಅದನ್ನು ಕಲೆಯ ಇಳಿಗಾಲವೆಂದು ಕರೆಯುವ ರೂಢಿಯಿದೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಆ ಶಿಲ್ಪಿಗಳು ತಮ್ಮ ಕಲ್ಲಿಗೆ ತಕ್ಕ ಕೆಲಸ ಮಾಡಿದರು, ಅಷ್ಟೇ.

ಮಂಡ್ಯ ಜಿಲ್ಲೆಯಲ್ಲಿ ಹೊಯ್ಸಳರ ಗುಡಿಗಳು ಎಲ್ಲಿವೆ?

ಬಸರಾಳಿನ ಮಲ್ಲಿಕಾರ್ಜುನ, ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ಮತ್ತು ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ನಾಗಮಂಗಲದ ಸೌಮ್ಯಕೇಶವ ಇವು ಮುಖ್ಯವಾದವು. ಬಸರಾಳಿನ ಗುಡಿ 1234ರ ಸುಮಾರಿನದು, 2ನೇ ನರಸಿಂಹನ ಕಾಲದಲ್ಲಿ ಹರಿಹರ ದಂಡನಾಯಕನು ಕಟ್ಟಿಸಿದ್ದು. ಸೋಮನಾಥಪುರಕ್ಕಿಂತ ಒಂದು ತಲೆಮಾರು ಹಿಂದಿನದು. ಸೋಮನಾಥಪುರದಲ್ಲಿರುವ ಜನಸಂದಣಿ ಈ ಯಾವ ಊರಿನಲ್ಲೂ ಇಲ್ಲ. ಹೊಸಹೊಳಲಿನ ಪಟ್ಟಿಕೆಗಳಲ್ಲಿನ ರಾಮಾಯಣ, ಮಹಾಭಾರತದ ದೃಶ್ಯಗಳನ್ನು ಯಾರ ಅಡ್ಡಿಯೂ ಇಲ್ಲದೆ ಗಂಟೆಗಟ್ಟಲೆ ಓದಬಹುದು.

ಗಂಗರ ಶೈಲಿ ಹೊಯ್ಸಳರದ್ದಕ್ಕಿಂತ ಹೇಗೆ ಬೇರೆ?

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಹೋದರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಅಲ್ಲಿನ ಪಂಚಕೂಟ ಬಸದಿ ಗಂಗರ ಕಾಲದ್ದು, ಕಗ್ಗಲ್ಲಿನದು. ಗೋಡೆಗಳು ಬಹುಮಟ್ಟಿಗೆ ಬರಿದಾಗಿವೆ, ಗೋಡೆಗಂಬಗಳು ಚೊಕ್ಕವಾಗಿವೆ, ಕಟ್ಟಡದ ಸೊಬಗು ಇರುವುದು ಅದರ ಅಳತೆಯಲ್ಲಿ. ಶಿಖರಗಳು ಒಂದೇ ಬಗೆಯವಲ್ಲ: ಚೌಕ, ಎಂಟು ಮೂಲೆ, ದುಂಡು ಎಂದು ಬೇರೆ ಬೇರೆ ಆಕಾರಗಳನ್ನು ಅಕ್ಕಪಕ್ಕದಲ್ಲೇ ಕಾಣಬಹುದಾದ್ದರಿಂದ ವಾಸ್ತುಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಬಯಲು ಪಾಠಶಾಲೆಯೇ ಸರಿ. ಎದುರಿನ ಎತ್ತರದ ಮಾನಸ್ತಂಭದಿಂದಲೇ ಊರಿಗೆ ಹೆಸರು ಬಂದಿದೆ.

ನಾಗರ, ದ್ರಾವಿಡ, ವೇಸರ ಎಂಬ ವಿಂಗಡಣೆ ನಮ್ಮ ಗುಡಿಗಳಿಗೆ ಹೊಂದುತ್ತದೆಯೇ?

ಸ್ವಲ್ಪ ಮಟ್ಟಿಗೆ. ನಾಗರವೆಂದರೆ ಉತ್ತರದ ಗುಡಿಯ ಬಗೆ, ದ್ರಾವಿಡವೆಂದರೆ ದಕ್ಷಿಣದ್ದು, ವೇಸರ ಇವೆರಡರ ಬೆರಕೆ. ಹೊಯ್ಸಳ ಗುಡಿಗಳನ್ನು ವೇಸರವೆಂದು ಕರೆಯುವುದು ವಾಡಿಕೆ. ಪರೀಕ್ಷೆಗೆ ಬರೆಯಲು ಅದು ಸಾಕು. ಗುಡಿಯ ಮುಂದೆ ನಿಂತಾಗ ಅದರಿಂದ ಹೆಚ್ಚಿನ ಸಹಾಯವಾಗದು.

ಶ್ರೀರಂಗಪಟ್ಟಣದ ರಂಗನಾಥನ ಗುಡಿ ಯಾವ ಕಾಲದ್ದು?

ಒಂದೇ ಕಾಲದ್ದಲ್ಲ. ಗಂಗರ ಸಾಮಂತ ತಿರುಮಲಯ್ಯನು 894ರಲ್ಲಿ ಕಟ್ಟಿಸಿದನೆಂಬುದು ಆರಂಭ. ಆಮೇಲೆ ಹೊಯ್ಸಳರೂ ವಿಜಯನಗರದವರೂ ಮೈಸೂರಿನ ಅರಸರೂ ತಮ್ಮ ತಮ್ಮ ಪಾಲನ್ನು ಸೇರಿಸುತ್ತ ಬಂದರು. ಪ್ರವೇಶದ ಎತ್ತರದ ಗೋಪುರ ವಿಜಯನಗರದ ಬಗೆಯದು: ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಮತ್ತು ಗಾರೆ. ಇಟ್ಟಿಗೆ ಹಗುರವಾದ್ದರಿಂದಲೇ ಅಷ್ಟು ಎತ್ತರಕ್ಕೆ ಹೋಗಲು ಸಾಧ್ಯವಾಯಿತು. ಒಳಗೆ ಹೋಗುತ್ತ ಹೋಗುತ್ತ ಕಾಲ ಹಿಂದಕ್ಕೆ ಸರಿಯುತ್ತದೆ, ಕಂಬಗಳ ಆಕಾರ ಬದಲಾಗುವುದನ್ನು ನೋಡುತ್ತ ನಡೆದರೆ ಸಾಕು.

ದರಿಯಾ ದೌಲತ್‌ನ ಗೋಡೆಚಿತ್ರಗಳು ಟಿಪ್ಪುವಿನ ಕಾಲದವೇ?

ಚಿತ್ರದ ಯೋಜನೆ ಆ ಕಾಲದ್ದು. ಈಗ ಕಾಣುವ ಬಣ್ಣ ಪೂರ್ತಿಯಾಗಿ ಆ ಕಾಲದ್ದಲ್ಲ. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆ ಬಹುಪಾಲು ತೇಗದ ಮರದ್ದು. ಎತ್ತರದ ಜಗಲಿಯ ಮೇಲೆ ನಿಂತ ಕಟ್ಟಡದ ಸುತ್ತಲೂ ಮರದ ಕಂಬಗಳ ಪಡಸಾಲೆಯಿದೆ. ಗೋಡೆ, ಕಂಬ, ಚಾವಣಿ ಯಾವುದರಲ್ಲೂ ಬಣ್ಣವಿಲ್ಲದ ಅಂಗೈಯಗಲ ಜಾಗ ಸಿಗುವುದು ಕಷ್ಟ. ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವಿದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಸುತ್ತುವರಿದಿದ್ದು, ನಡುವೆ ಚೌಕಾಕಾರವಾಗಿ ನಿಂತ ಇಂಗ್ಲಿಷರ ಪಡೆ, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ದೂರದಲ್ಲಿರುವವರನ್ನು ಸಣ್ಣದಾಗಿ ಬರೆಯುವ ಯುರೋಪಿನ ಕ್ರಮ ಇಲ್ಲಿಲ್ಲ. ಸೈನಿಕರು ಸಾಲಿನ ಮೇಲೆ ಸಾಲಾಗಿ ಇದ್ದಾರೆ, ಮುಖ್ಯರಾದವರು ದೊಡ್ಡದಾಗಿ ಕಾಣುತ್ತಾರೆ. ಈ ಚಿತ್ರ ಮಾಸಿಹೋಗಿದ್ದಾಗ 19ನೇ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಮತ್ತೆ ಬರೆಸಲಾಯಿತು. ತಮ್ಮ ಕಡೆಯವರೇ ಸೋತ ಯುದ್ಧದ ಚಿತ್ರವನ್ನು ಇಂಗ್ಲಿಷರು ದುಡ್ಡು ಕೊಟ್ಟು ಉಳಿಸಿದ್ದು ಚರಿತ್ರೆಯ ಒಂದು ವಿನೋದ.

ಹೈದರನ ಸಮಾಧಿಯಾದ ಗುಂಬಜ್‌ ಬೇರೆಯದೇ ಬಗೆ. ಅಲ್ಲಿ ಅಲಂಕಾರಕ್ಕಿಂತ ಸಮತೋಲ ಮುಖ್ಯ: ಚೌಕದ ಮೇಲೆ ದೊಡ್ಡ ಗುಮ್ಮಟ, ಸುತ್ತ ಕನ್ನಡಿಯಂತೆ ಹೊಳೆಯುವ ಕರಿಕಲ್ಲಿನ ಕಂಬಗಳು, ಒಳಗೋಡೆಗೆ ಟಿಪ್ಪುವಿನ ಲಾಂಛನವಾದ ಹುಲಿಪಟ್ಟೆಯ ಬಣ್ಣ. ದಂತದ ಕುಸುರಿಯಿರುವ ಕರಿಮರದ ಬಾಗಿಲುಗಳು ಆಮೇಲೆ ಬಂದವು; ಅವೂ ಡಾಲ್‌ಹೌಸಿಯ ಕೊಡುಗೆ.

ಮೈಸೂರು ಅರಮನೆಯದು ಯಾವ ಶೈಲಿ? ಅದನ್ನು ‘ಹಿಂದೂ ಶೈಲಿ’ ಎನ್ನಬಹುದೇ?

ಅದನ್ನು ಇಂಡೋ-ಸಾರ್ಸೆನಿಕ್ ಎನ್ನುತ್ತಾರೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ವಾಸ್ತುಶಿಲ್ಪಿಗಳು ಮೊಗಲರ, ರಜಪೂತರ, ದಕ್ಷಿಣದ ಗುಡಿಗಳ ಅಂಶಗಳನ್ನು ಆಯ್ದು, ತಮ್ಮ ಕಾಲದ ಕಬ್ಬಿಣ ಮತ್ತು ಗಾಜಿನ ತಂತ್ರದೊಡನೆ ಬೆರೆಸಿ ರೂಪಿಸಿದ ಬಗೆ ಇದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಹೊಸ ಅರಮನೆಯ ವಿನ್ಯಾಸವನ್ನು ಹೆನ್ರಿ ಇರ್ವಿನ್‌ಗೆ ವಹಿಸಲಾಯಿತು. ಶಿಮ್ಲಾದ ವೈಸ್‌ರಾಯ್ ನಿವಾಸವನ್ನು ರೂಪಿಸಿದವನು ಈತನೇ. 1912ರಲ್ಲಿ ಕೆಲಸ ಮುಗಿಯಿತು, ಖರ್ಚು ಸುಮಾರು 41.5 ಲಕ್ಷ ರೂಪಾಯಿ. ಮರದ ಅರಮನೆ ಸುಟ್ಟುಹೋದ ಕಹಿ ಇನ್ನೂ ಮಾಸದಿದ್ದ ಕಾಲದಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣಗಳಿಗೆ ಪ್ರಾಧಾನ್ಯ ಸಿಕ್ಕಿದ್ದು ಸಹಜ.

ಹೊರಗೆ ಬೂದು ಕಗ್ಗಲ್ಲಿನ ಮೂರಂತಸ್ತು, ನಸುಗೆಂಪು ಅಮೃತಶಿಲೆಯ ಗುಮ್ಮಟಗಳು, 145 ಅಡಿ ಎತ್ತರದ ನಡುಗೋಪುರ, ಮುಂಭಾಗದಲ್ಲಿ ಕಮಾನುಗಳ ಸಾಲು, ನಡುವಿನ ಕಮಾನಿನ ಮೇಲೆ ಗಜಲಕ್ಷ್ಮಿ. ಗುಮ್ಮಟ ಮತ್ತು ಕಮಾನು ಒಂದು ಕಡೆಯಿಂದ ಬಂದಿವೆ, ಗಜಲಕ್ಷ್ಮಿ ಇನ್ನೊಂದು ಕಡೆಯಿಂದ. ಆದರೆ ಈ ಕಟ್ಟಡದ ಗುಟ್ಟು ಹೊರಗಿಲ್ಲ, ಕಲ್ಯಾಣ ಮಂಟಪದಲ್ಲಿದೆ. ಎಂಟು ಮೂಲೆಯ ಆ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್‌ಲೆಂಡಿನ ಗ್ಲಾಸ್ಗೋದಿಂದ ಹಡಗೇರಿ ಬಂದವು. ತಲೆಯ ಮೇಲೆ ಬಣ್ಣದ ಗಾಜಿನ ಚಾವಣಿ, ಅದರ ತುಂಬ ನವಿಲುಗಳು. ನೆಲದ ಹಾಸುಬಿಲ್ಲೆಗಳಲ್ಲೂ ಅದೇ ನವಿಲು. ಸುತ್ತಲ ಗೋಡೆಯಲ್ಲಿ ಇಲ್ಲಿನ ಚಿತ್ರಕಾರರು ಬರೆದ ದಸರಾ ಮೆರವಣಿಗೆ. ಸ್ಕಾಟ್‌ಲೆಂಡಿನ ಕಬ್ಬಿಣ ಮತ್ತು ಮೈಸೂರಿನ ಜಂಬೂಸವಾರಿ ಒಂದೇ ಕೋಣೆಯಲ್ಲಿ ಜಗಳವಿಲ್ಲದೆ ಕೂತಿವೆ. ಇದಕ್ಕೆ ಒಂದೇ ಧರ್ಮದ ಅಥವಾ ಒಂದೇ ನಾಡಿನ ಹೆಸರು ಕೊಡುವುದು ಕಟ್ಟಡಕ್ಕೆ ಮಾಡುವ ಅನ್ಯಾಯ.

ಲಲಿತ ಮಹಲ್ ಬಿಳಿಯ ಅರಮನೆಯಾಗಿದ್ದರೂ ಅದನ್ನು ಬೇರೆ ಶೈಲಿಯದೆನ್ನುವುದೇಕೆ?

ಅದು ಭಾರತೀಯ ಅಂಶಗಳನ್ನು ಬಹುಮಟ್ಟಿಗೆ ಬಿಟ್ಟು ಗ್ರೀಸ್ ಮತ್ತು ರೋಮಿನ ಕಂಬ–ಗುಮ್ಮಟಗಳ ಪರಂಪರೆಗೆ ಹೋಗಿರುವ ಕಟ್ಟಡ. ವೈಸ್‌ರಾಯರ ವಾಸಕ್ಕೆಂದು 1921ರಲ್ಲಿ ಶಂಕುಸ್ಥಾಪನೆಯಾದ ಇದನ್ನು ರೂಪಿಸಿದವರು ಮುಂಬಯಿಯ ಇ. ಡಬ್ಲ್ಯು. ಫ್ರಿಚ್ಲಿ, ನಡುವಿನ ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಮಾದರಿ. ಮುಂಭಾಗದ ಜೋಡಿ ಕಂಬಗಳ ತುದಿಯಲ್ಲಿ ಸುರುಳಿ ಕಾಣುತ್ತದೆ, ಅದು ಅಯೋನಿಕ್ ಕಂಬದ ಗುರುತು. ನಗರದೊಳಗಿನ ಸರ್ಕಾರಿ ಭವನದ ಕಂಬಗಳಲ್ಲಿ ಸುರುಳಿಯಿಲ್ಲ, ತುದಿ ಸಾದಾ ಆಗಿದೆ, ಅವು ಡೋರಿಕ್. ಸರ್ಕಾರಿ ಭವನ 19ನೇ ಶತಮಾನದ ಆರಂಭದ ರೆಸಿಡೆನ್ಸಿ, ಅಂದರೆ ಬ್ರಿಟಿಷ್ ಪ್ರತಿನಿಧಿಯ ನಿವಾಸ. ಈ ಎರಡು ಕಟ್ಟಡಗಳನ್ನು ಒಂದೇ ದಿನ ನೋಡಿದವರು ಆ ವ್ಯತ್ಯಾಸವನ್ನು ಮರೆಯುವುದಿಲ್ಲ.

ಸಂತ ಫಿಲೋಮಿನಾ ಚರ್ಚ್ ಗಾಥಿಕ್ ಶೈಲಿಯದೆಂದರೆ ಅದು ಮಧ್ಯಯುಗದ್ದೇ?

ಅಲ್ಲ; 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಕಟ್ಟಡ ಅದು, ಆದ್ದರಿಂದ ನವ-ಗಾಥಿಕ್ ಎನ್ನಬೇಕು. 175 ಅಡಿ ಎತ್ತರದ ಜೋಡಿ ಗೋಪುರಗಳು, ಚೂಪು ಕಮಾನುಗಳು, ಬಣ್ಣದ ಗಾಜಿನ ಕಿಟಕಿಗಳು ಜರ್ಮನಿಯ ಕಲೋನ್ ಕ್ಯಾಥೆಡ್ರಲ್ಲನ್ನು ನೆನಪಿಗೆ ತರುತ್ತವೆ. ಕಲೋನಿನ ಕೆಲಸ ಆರಂಭವಾದದ್ದು 1248ರಲ್ಲಿ. ಅಂದರೆ ನಿಜವಾದ ಗಾಥಿಕ್ ಕಟ್ಟಡಗಳು ನಮ್ಮ ಹೊಯ್ಸಳರ ಸಮಕಾಲೀನವಾದವು. ಅಲ್ಲಿ ಅಡಿಪಾಯ ಹಾಕಿದ ಇಪ್ಪತ್ತು ವರ್ಷಕ್ಕೆ ಇಲ್ಲಿ ಸೋಮನಾಥಪುರ ಎದ್ದಿತು. ಕಲೋನಿನವರು ತಮ್ಮ ಗೋಪುರಗಳನ್ನು ಮುಗಿಸಿದ್ದಾದರೋ 1880ರಲ್ಲಿ.

ಮೈಸೂರು ಚಿತ್ರಕಲೆಗೂ ತಂಜಾವೂರು ಚಿತ್ರಕಲೆಗೂ ವ್ಯತ್ಯಾಸವೇನು?

ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿ ತೂಗುಹಾಕಿದಾಗ ಗೊಂದಲವಾಗುವುದು ಸಹಜ, ಏಕೆಂದರೆ ಎರಡರ ಬೇರೂ ವಿಜಯನಗರದ ಚಿತ್ರ ಪರಂಪರೆಯಲ್ಲಿದೆ, ಎರಡರಲ್ಲೂ ಚಿನ್ನವಿದೆ. ಚಿತ್ರವನ್ನು ಪಕ್ಕದಿಂದ, ಬೆಳಕು ಅಡ್ಡಲಾಗಿ ಬೀಳುವಂತೆ ಹಿಡಿದು ನೋಡಿ. ತಂಜಾವೂರಿನ ಕೆಲಸದಲ್ಲಿ ಚಿನ್ನದ ಭಾಗ ದಪ್ಪವಾಗಿ ಉಬ್ಬಿರುತ್ತದೆ, ಗಾಜಿನ ಹರಳುಗಳನ್ನೂ ಕೂರಿಸಿರುತ್ತಾರೆ. ಮೈಸೂರಿನದರಲ್ಲಿ ಉಬ್ಬು ತೀರ ಕಡಿಮೆ. ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು.

ಹಳೆಯ ಕ್ರಮದಲ್ಲಿ ಹುಣಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ರೇಖೆ ಹಾಕುತ್ತಿದ್ದರು. ಸಫೇದಾ ಎಂಬ ಬಿಳಿ ಪುಡಿ, ರೇವಲಚಿನ್ನಿ ಎಂಬ ಹಳದಿ ಅಂಟು, ಗೋಂದು ಬೆರೆಸಿ ಅರೆದ ‘ಮಕ್ಕು’ ಎಂಬ ಸರಿಯನ್ನು ಆಭರಣ, ಸೀರೆಯಂಚು, ಮಂಟಪದ ಕಂಬಗಳ ಮೇಲೆ ಸಣ್ಣ ಕುಂಚದಿಂದ ಎಳೆ ಎಳೆಯಾಗಿ ಏರಿಸಿ, ಒಣಗಿದ ಮೇಲೆ ತೆಳುವಾದ ಚಿನ್ನದ ರೇಕು ಅಂಟಿಸುತ್ತಾರೆ. ಕೊನೆಗೆ ಮೇಲೆ ಕಾಗದವಿಟ್ಟು ನಯವಾದ ಕಲ್ಲಿನಿಂದ ಉಜ್ಜಿದಾಗ ಕೆಳಗಿನ ಎಳೆಗಳು ಚಿನ್ನದಲ್ಲಿ ಎದ್ದು ಕಾಣುತ್ತವೆ. ಈ ಕಲೆಗೆ ದೊಡ್ಡ ಆಶ್ರಯ ಸಿಕ್ಕಿದ್ದು ಮುಮ್ಮಡಿಯವರ ಕಾಲದಲ್ಲಿ. ದೇವತಾಮೂರ್ತಿಗಳ ಲಕ್ಷಣಗಳನ್ನು ಚಿತ್ರಸಹಿತ ವಿವರಿಸುವ ‘ಶ್ರೀತತ್ತ್ವನಿಧಿ’ ಸಿದ್ಧವಾದದ್ದೂ ಆಗಲೇ. ಜಗನ್ಮೋಹನ ಅರಮನೆಯ ಗೋಡೆಯಲ್ಲಿರುವ ‘ಸಂತಾನಾಂಬುಜ’, ಅಂದರೆ ತಾವರೆಯ ರೂಪದ ಒಡೆಯರ ವಂಶವೃಕ್ಷ, ಆ ಕಾಲದ ಕೆಲಸ. ಅದೇ ಕಟ್ಟಡದಲ್ಲಿರುವ ರವಿವರ್ಮನ ತೈಲಚಿತ್ರಗಳನ್ನು ‘ಮೈಸೂರು ಶೈಲಿ’ ಎನ್ನುವವರಿದ್ದಾರೆ. ಅವು ಯುರೋಪಿನ ಕ್ರಮದ ಚಿತ್ರಗಳು, ಇದಕ್ಕೂ ಅದಕ್ಕೂ ನಂಟಿಲ್ಲ.

ಕೊಳ್ಳುವವರಿಗೆ ಒಂದು ಮಾತು: ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆದರೆ ಅಚ್ಚು ಹಾಕಿದ ಚಿತ್ರದ ಮೇಲೆ ಚಿನ್ನದ ಬಣ್ಣ ಬಳಿದು ಮಾರುವುದೂ ಇದೆ. ಮುಖದ ರೇಖೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಚ್ಚಿನ ಚುಕ್ಕೆಗಳು ಸಿಕ್ಕಿಬೀಳುತ್ತವೆ.

ಬೀಟೆ ಮರದ ಕುಸುರಿ ಈಗಲೂ ದಂತದಲ್ಲೇ ನಡೆಯುತ್ತದೆಯೇ?

ಇಲ್ಲ. ದಂತದ ವ್ಯಾಪಾರವನ್ನು ಕಾನೂನು ನಿಷೇಧಿಸಿದೆ. ಈಗ ಬೇರೆ ಬೇರೆ ಸಹಜ ಬಣ್ಣದ ಮರದ ತುಣುಕುಗಳನ್ನೂ ದಂತದಂತೆ ಕಾಣುವ ಕೃತಕ ವಸ್ತುಗಳನ್ನೂ ಕೂರಿಸುತ್ತಾರೆ. ಹಳೆಯ ದಂತದ ಕೆಲಸ ನೋಡಬೇಕೆಂದರೆ ಅರಮನೆಯ ಅಂಬಾವಿಲಾಸ ದರ್ಬಾರು ಸಭಾಂಗಣದ ಬಾಗಿಲುಗಳನ್ನು ನೋಡಬಹುದು.

ನಮ್ಮದು ಹಳೆಯ ತೊಟ್ಟಿ ಮನೆ. ಗೋಡೆಯ ಗಾರೆ ಉದುರುತ್ತಿದೆ, ಸಿಮೆಂಟ್ ಬಳಿಸಬಹುದೇ?

ಬೇಡವೆಂದೇ ಹೇಳುತ್ತೇನೆ. ಹಳೆಯ ಗೋಡೆಗಳು ಮಣ್ಣು, ಸುಟ್ಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಮಳೆಗಾಲದಲ್ಲಿ ನೆಲದಿಂದ ಏರಿದ ತೇವ ಗೋಡೆಯ ಮೈಯಿಂದಲೇ ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿ, ತೇವ ಒಳಗೇ ನಿಂತು, ಕೆಲವು ವರ್ಷಗಳಲ್ಲಿ ಸಿಮೆಂಟು ಹಳೆಯ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಹಪ್ಪಳದಂತೆ ಏಳುತ್ತದೆ. ಸುಣ್ಣ, ಮರಳು, ಇಟ್ಟಿಗೆ ಪುಡಿಯನ್ನು ಕೊಳೆಹಾಕಿ, ಅಳಲೆಕಾಯಿ ಮತ್ತು ಬೆಲ್ಲದ ನೀರು ಬೆರೆಸಿ ಅರೆದ ಗಾರೆಯನ್ನು ಬಲ್ಲ ಮೇಸ್ತ್ರಿಗಳು ಈಗ ಕಡಿಮೆ; ಪುರಾತನ ಕಟ್ಟಡಗಳ ದುರಸ್ತಿಯಲ್ಲಿ ಕೆಲಸ ಮಾಡಿದವರನ್ನು ವಿಚಾರಿಸಿ. ತೊಟ್ಟಿಯನ್ನು ಗಾಜಿನಿಂದಲೋ ಶೀಟಿನಿಂದಲೋ ಮುಚ್ಚುವ ಮೊದಲೂ ಎರಡು ಸಲ ಯೋಚಿಸುವುದು ಒಳಿತು: ನಡುಮನೆಯ ಬಿಸಿಗಾಳಿ ಹೊರಹೋಗುವುದು ಅಲ್ಲಿಂದಲೇ.

ಹೊಸ ಮನೆಗೆ ‘ಹೊಯ್ಸಳ ಕಂಬ’ ಹಾಕಿಸಬಹುದೇ?

ಮನೆ ನಿಮ್ಮದು, ಹಾಕಿಸಬಹುದು. ಕಾಂಕ್ರೀಟ್ ಕಂಬಕ್ಕೆ ಅಚ್ಚಿನ ಉಂಗುರಗಳನ್ನು ತೊಡಿಸಿದಾಗ ಅದು ತಿರುಗಿಸಿ ಕಡೆದ ಕಲ್ಲಿನ ಕಂಬವಾಗುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಹಳೆಯದರಿಂದ ಏನಾದರೂ ತರಬೇಕೆನಿಸಿದರೆ ಜಗಲಿಯನ್ನು ತನ್ನಿ, ತೊಟ್ಟಿಯನ್ನು ತನ್ನಿ. ಅವು ಈ ಹವೆಗೆ ಈಗಲೂ ಸರಿಹೊಂದುತ್ತವೆ.

ಶ್ರೀರಂಗಪಟ್ಟಣದಲ್ಲಿ ಸ್ಮಾರಕದ ಹತ್ತಿರ ನಮ್ಮ ನಿವೇಶನವಿದೆ. ಮನೆ ಕಟ್ಟಲು ಅಡ್ಡಿಯಿದೆಯೇ?

ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದರೆ ಅದರ ರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ. ಅಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಪೂರ್ವಾನುಮತಿ ಪಡೆದು ಕಟ್ಟಬಹುದು. ಇರುವ ಮನೆಯ ದುರಸ್ತಿಗೂ ಅನುಮತಿ ಬೇಕಾಗುತ್ತದೆ. ದೂರವನ್ನು ಅಳೆಯುವುದು ಗುಡಿಯ ಗೋಡೆಯಿಂದಲ್ಲ, ರಕ್ಷಿತ ಜಾಗದ ಗಡಿಯಿಂದ ಎಂಬುದನ್ನು ಜನ ಗಮನಿಸುವುದಿಲ್ಲ, ಅಲ್ಲಿಂದಲೇ ಹೆಚ್ಚಿನ ವ್ಯಾಜ್ಯಗಳು ಶುರುವಾಗುತ್ತವೆ.

ಒಂದೇ ದಿನದಲ್ಲಿ ಇವುಗಳಲ್ಲಿ ಕೆಲವನ್ನಾದರೂ ನೋಡಲು ಹೇಗೆ ಹೊರಡಬೇಕು?

ಮೈಸೂರಿನಿಂದ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಹೋಗಿ ರಂಗನಾಥನ ಗುಡಿ, ದರಿಯಾ ದೌಲತ್, ಗುಂಬಜ್ ಮುಗಿಸಿ, ಬನ್ನೂರಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಸೋಮನಾಥಪುರ ತಲುಪಬಹುದು. ಆ ಕ್ರಮಕ್ಕೆ ಕಾರಣವಿದೆ. ಸೋಮನಾಥಪುರದ ಗುಡಿಯ ಬಾಗಿಲು ಪೂರ್ವಕ್ಕಿದೆ, ನಕ್ಷತ್ರಾಕಾರದ ಗೋಡೆಗಳೆಲ್ಲ ಹಿಂಬದಿಯಲ್ಲಿವೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಅಡ್ಡಲಾಗಿ ಬಿದ್ದಾಗಲೇ ಪಟ್ಟಿಕೆಗಳ ಆಳ ಕಾಣುವುದು. ಬೆಳಿಗ್ಗೆಯೇ ಹೋದರೆ ಆ ಭಾಗವೆಲ್ಲ ನೆರಳಿನಲ್ಲಿರುತ್ತದೆ. ಭುವನೇಶ್ವರಿಗಳನ್ನು ನೋಡಲು ಟಾರ್ಚ್ ಜೊತೆಗಿರಲಿ, ಫೋನಿನ ಬೆಳಕು ಅಷ್ಟು ಎತ್ತರಕ್ಕೆ ಸಾಲದು.